ಹದಿನಾಲ್ಕು ಸಾವಿರ ಎತ್ತು, ಪುಕ್ಕಟೆ ಹುಲ್ಲು: ಬಂಜಾರಾ ತಾಂಡಾ ನಡೆಯುತ್ತಿದ್ದ ಬಗೆ

1630ರ ದಶಕದ ಶುರುವಿನಲ್ಲಿ ಉತ್ತರ ಹಿಂದೂಸ್ತಾನದಲ್ಲಿ ಓಡಾಡುತ್ತಿದ್ದ ಪೀಟರ್ ಮಂಡಿ ಎಂಬ ಇಂಗ್ಲಿಷ್ ವ್ಯಾಪಾರಿಗೆ ಒಂದು ಬೆಳಿಗ್ಗೆ ಬಂಜಾರರ, ಅಂದರೆ ನಮ್ಮ ಲಂಬಾಣಿಗಳ, ತಾಂಡಾ ಎದುರಾಯಿತು. ತಾಂಡಾ ಎಂದರೆ ಆಗ ಎತ್ತಿನ ಮೇಲೆ ಸರಕು ಹೊತ್ತು ನಡೆಯುವ ಸಾಲು. 14,000 ಎತ್ತು, ಎಲ್ಲದರ ಬೆನ್ನ ಮೇಲೂ ಗೋಧಿ, ಅಕ್ಕಿಯಂಥ ಧಾನ್ಯ. ಒಂದು ತಾಂಡಾದಲ್ಲಿ ಆರೇಳು ನೂರು ಜನ ಇರುತ್ತಾರೆ, ಹೆಂಡಿರು ಮಕ್ಕಳು ಜೊತೆಯಲ್ಲೇ ಬರುತ್ತಾರೆ, ದಿನಕ್ಕೆ ಆರೇಳು ಮೈಲಿಗಿಂತ ಹೆಚ್ಚು ನಡೆಯುವುದಿಲ್ಲ, ಅದೂ ತಂಪು ಹೊತ್ತಿನಲ್ಲಿ ಮಾತ್ರ ಎಂದು ಅವನು ಬರೆದಿಟ್ಟ. ಎತ್ತುಗಳು ಅವರವೇ. ಕೆಲವೊಮ್ಮೆ ಸಾಹುಕಾರರ ಸರಕನ್ನು ಬಾಡಿಗೆಗೆ ಹೊರುತ್ತಾರೆ, ಆದರೆ ಹೆಚ್ಚಾಗಿ ವ್ಯಾಪಾರಿಗಳೂ ಅವರೇ. ಅಗ್ಗ ಇದ್ದಲ್ಲಿ ಕೊಂಡು, ತುಟ್ಟಿ ಇದ್ದಲ್ಲಿ ಮಾರುತ್ತಾರೆ.

ಮಧ್ಯಕಾಲದ ಬುಡಕಟ್ಟು ಮತ್ತು ಅಲೆಮಾರಿ ಸಮುದಾಯಗಳ ಬಗ್ಗೆ ಪಠ್ಯಪುಸ್ತಕಗಳು ಹೇಳುವಾಗ ಈ 14,000 ಎಂಬ ಅಂಕಿ ಬಂದೇ ಬರುತ್ತದೆ. ಓದಿ ಬೆರಗಾಗಿ ಮುಂದೆ ಹೋಗುತ್ತೇವೆ. ಕೂತು ಗುಣಾಕಾರ ಮಾಡುವವರು ಕಡಿಮೆ. ಮಾಡಿದರೆ, ಅಲೆಮಾರಿತನ ಎನ್ನುವುದು ಇವರ ಸ್ವಭಾವವಲ್ಲ, ಕಸುಬಿನ ಲೆಕ್ಕಾಚಾರ ಎಂಬುದು ತಾನಾಗಿ ಹೊರಬೀಳುತ್ತದೆ.

ಮೊದಲು ಹೆಸರಿನ ಗೊಂದಲ. 'ಅಲೆಮಾರಿ' ಎಂಬ ಒಂದೇ ಮಾತಿನಡಿ ನಾವು ಬೇರೆ ಬೇರೆ ಬದುಕುಗಳನ್ನು ತುರುಕಿಬಿಟ್ಟಿದ್ದೇವೆ. ಕುರಿ ದನಗಳ ಹಿಂದೆ ಹುಲ್ಲು ಹುಡುಕಿ ಹೋಗುವವರು ಒಂದು ಬಗೆ. ಊರೂರಿಗೆ ಹೋಗಿ ಆಟ ಆಡಿಸುವವರು, ಬುಟ್ಟಿ ಹೆಣೆಯುವವರು, ಕುಲುಮೆ ಹೂಡುವವರು ಇನ್ನೊಂದು ಬಗೆ. ಬಂಜಾರರು ಮೂರನೆಯವರು, ಸಾಗಣೆಯವರು. ಇವರಿಗೂ ಜಾನುವಾರು ಇದೆ, ಆದರೆ ಅದರ ಹಾಲು ಮಾರಿ ಬದುಕುವುದಿಲ್ಲ, ಬೆನ್ನನ್ನು ದುಡಿಸಿ ಬದುಕುತ್ತಾರೆ. 'ಬಂಜಾರಾ' ಎನ್ನುವುದು ವಣಿಜ ಎಂಬ ಬೇರಿನಿಂದ ಬಂದ ಮಾತು ಎನ್ನುತ್ತಾರೆ. ನಮ್ಮ 'ಲಂಬಾಣಿ', 'ಲಮಾಣಿ'ಗಳ ಮೂಲದಲ್ಲಿ ಲವಣ, ಅಂದರೆ ಉಪ್ಪು ಇದೆ ಎಂಬುದು ಬಹಳ ಜನ ಒಪ್ಪಿದ ಮಾತು. ಅವರೇ ತಮ್ಮನ್ನು ಕರೆದುಕೊಳ್ಳುವುದು 'ಗೋರ್' ಎಂದು, ಹೇರು ಹೊತ್ತು ಹೋಗುವ ಆ ವ್ಯಾಪಾರಕ್ಕೆ ಅವರ ಮಾತು 'ಲದೇಣಿ'. ಬಂಜಾರರು ಎಂದರೆ ಒಂದೇ ಕುಲವೂ ಅಲ್ಲ. ರಾಠೋಡ, ಪವಾರ, ಚವ್ಹಾಣ, ಜಾಧವರ ಚಾರಣರು, ಮಥುರಿಯಾಗಳು, ಲಬಾಣರು, ಅಷ್ಟೇ ಏಕೆ, ಮುಸ್ಲಿಂ ಬಂಜಾರರೂ ಇದ್ದರು. ಕಸುಬೇ ಕುಲದ ಹೆಸರಾದ ಪ್ರಸಂಗ ಇದು.

ಹೇರಿನ ಲೆಕ್ಕ

ಕನ್ನಡಕ್ಕೆ ಈ ಲೋಕ ಹೊಸತಲ್ಲ. 'ಹೇರು' ಎಂದರೆ ಹೊರೆಯೂ ಹೌದು, ಒಂದು ಎತ್ತು ಹೊರುವಷ್ಟು ಎಂಬ ಅಳತೆಯೂ ಹೌದು. ನಮ್ಮ ಶಾಸನಗಳಲ್ಲಿ ಸುಂಕವನ್ನು ಹೇರಿನ ಮೇಲೆ ಕಟ್ಟಿದ ಉದಾಹರಣೆಗಳು ಸಿಗುತ್ತವೆ. ಬೆನ್ನ ಮೇಲೆ ಹೊರುವ ಎತ್ತು ಹೇರೆತ್ತು.

ಒಂದು ಹೇರು ಎಷ್ಟು ತೂಗುತ್ತಿತ್ತು? 17ನೇ ಶತಮಾನದ ಫ್ರೆಂಚ್ ರತ್ನವ್ಯಾಪಾರಿ ತಾವರ್ನಿಯೆ ಹೇಳುವ ತೂಕವನ್ನು ಇಂದಿನ ಅಳತೆಗೆ ಇಳಿಸಿದರೆ 150ರಿಂದ 170 ಕಿಲೋ ಆಗುತ್ತದೆ. ಅದು ದೊಡ್ಡ ಜಾತಿಯ, ಚೆನ್ನಾಗಿ ಮೇದ ಎತ್ತಿನ ಮಾತು. ಸಣ್ಣವು, ಮುದಿಯವು ಎಲ್ಲ ಸೇರಿದ ತಾಂಡಾಕ್ಕೆ ಸರಾಸರಿ 120 ಕಿಲೋ ಹಿಡಿಯೋಣ. 14,000 ಎತ್ತಿಗೆ 1,680 ಟನ್. ತಲೆಗೆ ದಿನಕ್ಕೆ ಅರ್ಧ ಕಿಲೋ ಧಾನ್ಯ ಎಂದರೆ ಒಂದು ಲಕ್ಷ ಜನರ ಪಟ್ಟಣ ಇದನ್ನು 33 ದಿನ ಉಣ್ಣಬಹುದು. ಒಂದು ತಾಂಡಾ ಬಂದರೆ ಪೇಟೆಯ ಧಾರಣೆ ಇಳಿಯುವುದು, ಬಾರದಿದ್ದರೆ ಏರುವುದು ಯಾಕೆ ಎಂದು ಇಷ್ಟರಲ್ಲೇ ಗೊತ್ತಾಗುತ್ತದೆ.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. ದುಡಿಯುವ ಒಂದು ಸಣ್ಣ ಎತ್ತಿಗೆ ದಿನಕ್ಕೆ ಕಡಿಮೆ ಎಂದರೂ 6 ಕಿಲೋ ಒಣಮೇವು ಬೇಕು. ಅದನ್ನು ದುಡ್ಡು ಕೊಟ್ಟು ಕೊಳ್ಳಬೇಕು ಅಥವಾ ಹೊತ್ತೇ ಹೋಗಬೇಕು ಎಂದಿಟ್ಟುಕೊಳ್ಳಿ. 120 ಕಿಲೋ ಹೊರುವ ಎತ್ತು 20 ದಿನದಲ್ಲಿ ತನ್ನ ಹೇರಿನಷ್ಟನ್ನೇ ತಿಂದು ಮುಗಿಸುತ್ತದೆ. ದಿನಕ್ಕೆ 10 ಕಿಲೋಮೀಟರಿನಂತೆ ಅಷ್ಟರಲ್ಲಿ ಅದು ನಡೆದಿರುವುದು 200 ಕಿಲೋಮೀಟರು. ವಿಜಯಪುರದಿಂದ ಹೊರಟರೆ ಹೊಸಪೇಟೆ ಮುಟ್ಟುವುದೇ ಅನುಮಾನ. ಅಂಥ ಸಾಗಣೆಯಲ್ಲಿ ರೇಷ್ಮೆ, ಕರ್ಪೂರ ಸಾಗಿಸಬಹುದು, ಜೋಳ ಸಾಗಿಸಲಾಗದು.

ಆದ್ದರಿಂದ ಮೇವು ಪುಕ್ಕಟೆ ಆಗಿರಲೇಬೇಕು. ಇಡೀ ತಾಂಡಾ ನಿಂತಿರುವುದು ಈ ಒಂದು ಗೂಟದ ಮೇಲೆ. ಹೇರು ಇಳಿಸಿದ ಮೇಲೆ ಎತ್ತುಗಳನ್ನು ಮೇಯಲು ಬಿಟ್ಟುಬಿಡುತ್ತಾರೆ, ನೆಲ ಬೇಕಾದಷ್ಟಿದೆ, ಬೇಡ ಎನ್ನುವವರು ಯಾರೂ ಇಲ್ಲ ಎಂದು ಮಂಡಿ ಬರೆದದ್ದು ಬರೀ ದಾರಿಯ ವರ್ಣನೆಯಲ್ಲ, ಕಸುಬಿನ ಗುಟ್ಟೇ ಅದು. ದಿನಕ್ಕೆ ಮೂರು ನಾಲ್ಕು ಗಂಟೆ ಮಾತ್ರ ನಡಿಗೆ, ಉಳಿದ ಹೊತ್ತು ಮೇಯುವುದು, ಮೆಲುಕು ಹಾಕುವುದು. ದಿನಕ್ಕೆ 25 ಕಿಲೋಮೀಟರು ಓಡಿಸಬಹುದಿತ್ತು, ಆದರೆ ಆಗ ಮೇಯಲು ಹೊತ್ತು ಸಾಲದು, ವಾರದಲ್ಲಿ ಎತ್ತು ಬಡಕಲಾಗುತ್ತದೆ, ಬೆನ್ನು ಸುಲಿಯುತ್ತದೆ. ನಿಧಾನವೇ ಇಲ್ಲಿ ಉಳಿತಾಯ. ಧಾನ್ಯ ಹತ್ತು ದಿನ ತಡವಾಗಿ ಮುಟ್ಟಿದರೆ ಕೆಡುವುದೂ ಇಲ್ಲ.

ಹಾಗಾದರೆ ಗಾಡಿ ಯಾಕೆ ಹೂಡಲಿಲ್ಲ? ಒಳ್ಳೆಯ ನೆಲದಲ್ಲಿ ಜೋಡೆತ್ತಿನ ಗಾಡಿ ಎರಡು ಹೇರೆತ್ತುಗಳಿಗಿಂತ ಎಷ್ಟೋ ಹೆಚ್ಚು ಎಳೆಯುತ್ತದೆ, ನಿಜ. ಆದರೆ ಗಾಡಿಗೆ ದಾರಿ ಬೇಕು. ಹಳ್ಳ ಬಂದರೆ, ಘಟ್ಟ ಬಂದರೆ, ಮಳೆಗೆ ನೆನೆದ ಎರೆ ಭೂಮಿ ಬಂದರೆ ಗಾಲಿ ಹೂತು ನಿಲ್ಲುತ್ತದೆ. ಅಚ್ಚು ಮುರಿದರೆ ಬಡಗಿ ಬೇಕು, ಪಟ್ಟಿಗೆ ಕಮ್ಮಾರ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನೊಗಕ್ಕೆ ಕಟ್ಟಿದ ಎತ್ತು ನಡೆಯುತ್ತಾ ಮೇಯಲಾರದು. ಹೇರೆತ್ತು ದಾರಿಯ ಬದಿಗೆ ಬಾಯಿ ಹಾಕುತ್ತಲೇ ಹೋಗುತ್ತದೆ.

ಹೇರುವುದು, ಇಳಿಸುವುದು

ಸಾಮಾನು ಬಹಳ ಸರಳ. ಸೆಣಬಿನ ನಾರು ಹೊಸೆದು ತಾಂಡಾದ ಹೆಂಗಸರೇ ನೇಯ್ದ ಉದ್ದನೆಯ ಜೋಡಿ ಗೋಣಿ, ನಡುವೆ ಖಾಲಿ, ಎರಡು ತುದಿಯಲ್ಲೂ ಚೀಲ. ಎತ್ತಿನ ಬೆನ್ನಿನ ಮೇಲೆ ದಪ್ಪ ಮೆತ್ತೆ ಹಾಸಿ ಅದರ ಮೇಲೆ ಗೋಣಿಯನ್ನು ಅಡ್ಡಡ್ಡ ಎಸೆದರೆ ಎರಡು ಪಕ್ಕಕ್ಕೂ ಸಮ ತೂಗುತ್ತದೆ. ತೂಕವೇ ಅದನ್ನು ಹಿಡಿದು ಕೂರಿಸುತ್ತದೆ.

ಕೆಡುವುದು ಇಲ್ಲೇ. ಒಂದು ಪಕ್ಕ ನಾಲ್ಕು ಸೇರು ಹೆಚ್ಚಾದರೆ ಗೋಣಿ ಜಾರುತ್ತದೆ, ಮೆತ್ತೆ ಸರಿಯುತ್ತದೆ, ಬೆನ್ನೆಲುಬಿನ ಮೇಲೆ ಉಜ್ಜುತ್ತದೆ. ಎರಡು ದಿನದಲ್ಲಿ ಗಾಯ, ನಾಲ್ಕನೆಯ ದಿನ ನೊಣ ಕೂತು ಹುಳು. ಬೆನ್ನು ಹುಣ್ಣಾದ ಎತ್ತಿಗೆ ವಾರಗಟ್ಟಲೆ ಹೇರುವಂತಿಲ್ಲ. ಅದರ ಹೇರು ಬೇರೆಯವುಗಳ ಮೇಲೆ ಬೀಳುತ್ತದೆ, ಅವುಗಳ ಬೆನ್ನೂ ಹೋಗುತ್ತದೆ. ಹೀಗಾಗಿ ತಾಂಡಾದಲ್ಲಿ ಬರಿಬೆನ್ನಿನ ಎತ್ತುಗಳೂ ಕೆಲವು ಇರಲೇಬೇಕಿತ್ತು.

ಹೇರಲು ಇಬ್ಬರು ಬೇಕು, ಆಚೆ ಒಬ್ಬರು ಈಚೆ ಒಬ್ಬರು. ಏಳು ನೂರು ಜನರಲ್ಲಿ ಮಕ್ಕಳು ಮುದುಕರನ್ನು ಬಿಟ್ಟು ನಾನೂರು ಜನ ಕೈಯಾಡಿಸುವವರು ಎಂದರೆ 200 ಜೋಡಿ. ಒಂದೊಂದು ಜೋಡಿಗೆ 70 ಎತ್ತು. ಎತ್ತಿಗೊಂದು ನಿಮಿಷದಂತೆ ಒಂದು ಗಂಟೆಗೂ ಮೇಲೆ. ಅಷ್ಟರಲ್ಲಿ ಆ ಇಬ್ಬರು ಎತ್ತಿರುವ ತೂಕ 8 ಟನ್ನಿಗೂ ಹೆಚ್ಚು. ಬೆಳಿಗ್ಗೆ ಹೇರಿದ್ದನ್ನು ಬಿಡಾರದಲ್ಲಿ ಮತ್ತೆ ಇಳಿಸಬೇಕು. ಗಂಡಸರು ಮಾತ್ರ ಹೊರಟಿದ್ದರೆ ಇದು ನಡೆಯುತ್ತಲೇ ಇರಲಿಲ್ಲ. ಸಂಸಾರ ಸಮೇತ ಹೋಗುವುದನ್ನು ಪರದೇಶಿ ಪ್ರವಾಸಿಗಳು ವಿಚಿತ್ರ ಎಂಬಂತೆ ಬರೆದರು, ಆದರೆ ಹೆಂಗಸರ ದುಡಿಮೆ ಇಲ್ಲದೆ ಲದೇಣಿಯೇ ಇಲ್ಲ.

ಇಳಿಸಿದ ಗೋಣಿಗಳನ್ನು ಎಲ್ಲೆಂದರಲ್ಲಿ ಬಿಡುತ್ತಿರಲಿಲ್ಲ. ಸುತ್ತ ಒಟ್ಟಿ ಗೋಡೆ ಕಟ್ಟಿದರೆ ಅದೇ ರಾತ್ರಿಯ ಕೋಟೆ. ಜನ, ಎತ್ತು, ಬೆಂಕಿ ಒಳಗೆ, ನಾಯಿಗಳು ಹೊರಗೆ. ಗಂಡಸರ ಬಳಿ ಆಯುಧ ಇರುತ್ತಿತ್ತು. ಸಾಲಿನ ಮುಂದೆ ಕವಡೆ, ಗಂಟೆ, ಬಣ್ಣದ ಬಟ್ಟೆಯಿಂದ ಸಿಂಗರಿಸಿದ ಎತ್ತು ನಡೆಯುತ್ತಿತ್ತು, ಮಂದೆ ಗಂಟೆಯ ಸದ್ದು ಹಿಡಿದು ಹಿಂಬಾಲಿಸುತ್ತಿತ್ತು. ದೇವರಿಗೆ ಬಿಟ್ಟ ಎತ್ತಿಗೆ ಹೇರು ಇಲ್ಲ.

ಎಲ್ಲರ ಮೇಲೆ ನಾಯಕ, ಅವನ ಕೈಕೆಳಗೆ ಕಾರಭಾರಿ. ಯಾವ ದಾರಿ, ಎಲ್ಲಿ ಬಿಡಾರ, ಯಾರ ಹತ್ತಿರ ಮುಂಗಡ, ಯಾವ ಸುಂಕದವನಿಗೆ ಎಷ್ಟು ಎಂದು ತೀರ್ಮಾನಿಸುವವನು ನಾಯಕ. ನೀರಿನ ತಲಾಶು ಎಲ್ಲಕ್ಕಿಂತ ಕಷ್ಟದ್ದು. ಎತ್ತಿಗೆ ದಿನಕ್ಕೆ 25 ಲೀಟರ್ ಎಂದರೂ ಅಷ್ಟು ದೊಡ್ಡ ತಾಂಡಾಕ್ಕೆ ಮೂರೂವರೆ ಲಕ್ಷ ಲೀಟರ್ ನೀರು ಬೇಕು. ಊರ ಬಾವಿಯಿಂದ ಸೇದಿ ಕುಡಿಸುವ ಮಾತಲ್ಲ ಇದು. ಕೆರೆ ಬೇಕು, ಹೊಳೆ ಬೇಕು. ಮಧ್ಯಪ್ರದೇಶದ ಸಾಗರದ ದೊಡ್ಡ ಕೆರೆಯನ್ನು ಜನ ಲಾಖಾ ಬಂಜಾರಾ ಕೆರೆ ಎಂದು ಕರೆಯುವುದರ, ಬಂಜಾರರು ಕೆರೆ ಬಾವಿ ತೋಡಿಸಿದ ಕಥೆಗಳು ಅಲ್ಲಲ್ಲಿ ಕೇಳಿಬರುವುದರ ಹಿಂದೆ ಈ ಗರಜು ಇದೆ.

ಇನ್ನು ಸಾಲಿನ ಉದ್ದ. ಎತ್ತಿಗೆ ಎರಡೂವರೆ ಮೀಟರ್ ಜಾಗ ಬಿಟ್ಟು ಒಂದರ ಹಿಂದೆ ಒಂದು ನಡೆಸಿದರೆ 14,000 ಎತ್ತಿನ ಸಾಲು 35 ಕಿಲೋಮೀಟರು ಆಗುತ್ತದೆ. ತಲೆ ಬಿಡಾರ ಹೂಡಿದ ಮೂರು ದಿನದ ಮೇಲೂ ಬಾಲ ಬಂದು ಸೇರಿರುವುದಿಲ್ಲ. ಬಯಲಿನಲ್ಲಿ ಹತ್ತಿಪ್ಪತ್ತು ಸಾಲಾಗಿ ಹರಡಿಕೊಂಡು ನಡೆಯುವುದೇ ಸರಿ, ಇಕ್ಕಟ್ಟಿನ ದಾರಿಯಲ್ಲಿ ಮಾತ್ರ ಫಜೀತಿ. ಹತ್ತು ಹನ್ನೆರಡು ಸಾವಿರ ಎತ್ತಿನ ತಾಂಡಾ ಎದುರಾದರೆ ಎಲ್ಲವೂ ದಾಟಿಹೋಗುವ ತನಕ ಎರಡು ಮೂರು ದಿನ ಕಾಯಬೇಕಾಗುತ್ತದೆ ಎಂದು ತಾವರ್ನಿಯೆ ಗೊಣಗುತ್ತಾನೆ. ಉತ್ಪ್ರೇಕ್ಷೆ ಎನಿಸುವ ಮಾತು, ಆದರೆ 12,000 ಎತ್ತು, 30 ಕಿಲೋಮೀಟರ್ ಸಾಲು, ದಿನಕ್ಕೆ 10 ಕಿಲೋಮೀಟರ್ ನಡಿಗೆ ಎಂದು ಲೆಕ್ಕ ಹಾಕಿದರೆ ಮೂರು ದಿನವೇ ಆಗುತ್ತದೆ. ಗೋಧಿಯವರು, ಅಕ್ಕಿಯವರು, ಬೇಳೆಯವರು, ಉಪ್ಪಿನವರು ಎಂದು ನಾಲ್ಕು ಪಂಗಡ, ಒಬ್ಬರ ಸರಕನ್ನು ಇನ್ನೊಬ್ಬರು ಮುಟ್ಟುವುದಿಲ್ಲ ಎಂದೂ ಅವನು ಹೇಳುತ್ತಾನೆ. ಎರಡು ಪಂಗಡ ಎದುರುಬದುರಾದಾಗ ದಾರಿ ಬಿಡುವ ವಿಷಯಕ್ಕೆ ರಕ್ತ ಹರಿಯುತ್ತಿತ್ತಂತೆ.

ದೊರೆಗಳಿಗೆ ಏನು ಬೇಕಿತ್ತು

ದೆಹಲಿಯ ಅಲ್ಲಾವುದ್ದೀನ್ ಖಿಲ್ಜಿ (1296–1316) ಧಾನ್ಯದ ಧಾರಣೆ ಕಟ್ಟಿದ. ಒಂದು ಮಣ ಗೋಧಿಗೆ ಏಳೂವರೆ ಜಿತಲ್ (ಆಗಿನ ಸಣ್ಣ ನಾಣ್ಯ), ಅಕ್ಕಿಗೆ ಐದು, ಬಾರ್ಲಿಗೆ ನಾಲ್ಕು. ಬೆಲೆ ಕಟ್ಟುವುದು ಸುಲಭ, ಆ ಬೆಲೆಗೆ ಧಾನ್ಯ ತರುವವರು ಬೇಕಲ್ಲ. ಚರಿತ್ರಕಾರ ಬರನಿ ಹೇಳುವಂತೆ, ಸಾಗಣೆಯ 'ಕಾರವಾನಿ'ಗಳ ಮುಖಂಡರನ್ನು ಹಿಡಿದು ತಂದು ಮಾರುಕಟ್ಟೆಯ ಅಧಿಕಾರಿಗೆ ಒಪ್ಪಿಸಿದರು. ಒಬ್ಬರಿಗೊಬ್ಬರು ಜಾಮೀನಾಗುವ ತನಕ ಕೊರಳ ಸರಪಳಿ ಬಿಚ್ಚಲಿಲ್ಲ. ಹೆಂಡಿರು ಮಕ್ಕಳು, ದನಕರು ಸಮೇತ ಯಮುನೆಯ ದಂಡೆಯ ಹಳ್ಳಿಗಳಲ್ಲಿ ನೆಲೆಸಲು ಹಚ್ಚಿದರು. ಇತ್ತ ರೈತ ಕಂದಾಯ ಕಟ್ಟಲು ಕಣದ ಬಳಿಯೇ ಇವರಿಗೆ ಗೊತ್ತುಪಡಿಸಿದ ದರಕ್ಕೆ ಮಾರಬೇಕು. ಬರನಿ 'ಬಂಜಾರಾ' ಎಂಬ ಮಾತು ಬಳಸುವುದಿಲ್ಲ, ಆದರೆ ಚರಿತ್ರಕಾರರು ಈ ಕಾರವಾನಿಗಳಲ್ಲಿ ಬಂಜಾರರನ್ನೇ ಕಾಣುತ್ತಾರೆ. ಅದೇ ಶತಮಾನದಲ್ಲಿ ದೆಹಲಿಯ ಸೂಫಿ ಸಂತ ನಾಸಿರುದ್ದೀನ್ ಚಿರಾಗ್, ಹತ್ತು ಇಪ್ಪತ್ತು ಸಾವಿರ ಎತ್ತುಗಳಲ್ಲಿ ಧಾನ್ಯ ತರುವವರನ್ನು 'ನಾಯಕ'ರು ಎಂದೇ ಕರೆದಿದ್ದಾರೆ. ಆ ಪದವಿಯ ಹೆಸರು ಇಂದಿಗೂ ತಾಂಡಾಗಳಲ್ಲಿ ಇದೆ.

ಅಲ್ಲಾವುದ್ದೀನನ ಏರ್ಪಾಡು ಅವನು ಸತ್ತ ಮೇಲೆ ಉಳಿಯಲಿಲ್ಲ. ಮಗ ಮುಬಾರಕನ ಕಾಲಕ್ಕೆ ಬಿದ್ದುಹೋಯಿತು. ಬಲವಂತದಿಂದ ನಡೆಯುವ ಸಾಗಣೆ ಬಲವಂತ ಇರುವಷ್ಟು ದಿನವೇ. ಕಾಲಿರುವ ಕಸುಬು ಇದು, ಬೆಲೆ ಗಿಟ್ಟದ ಕಡೆಯಿಂದ ಎದ್ದು ಹೋಗುತ್ತದೆ.

ಮೊಗಲರು ಬೇರೆ ದಾರಿ ಹಿಡಿದರು. ಕಂದಾಯ ನಗದಿನಲ್ಲಿ ಬೇಕು ಎಂದಾಗ ರೈತ ಸುಗ್ಗಿಯಲ್ಲೇ ಮಾರಲೇಬೇಕು. ಎಲ್ಲರೂ ಒಟ್ಟಿಗೆ ಮಾರಿದರೆ ಹಳ್ಳಿಯಲ್ಲಿ ಧಾರಣೆ ಬೀಳುತ್ತದೆ, ದೂರದ ಪಟ್ಟಣದಲ್ಲಿ ಹಾಗೇ ಇರುತ್ತದೆ. ಈ ಎರಡು ಧಾರಣೆಗಳ ನಡುವಿನ ಕಂದರದಲ್ಲೇ ತಾಂಡಾ ನಡೆಯುವುದು. ಮರಳಿ ಬರುವಾಗ ಬೆನ್ನು ಖಾಲಿ ಇದ್ದರೆ ನಷ್ಟ, ಅದಕ್ಕೇ ಉಪ್ಪು. ಉಪ್ಪು ಬೆಳೆಯುವುದು ಕೆಲವೇ ಕಡೆ, ಬೇಕಾಗುವುದು ಎಲ್ಲ ಮನೆಗೂ. ರಾಜಸ್ಥಾನದಲ್ಲಿ ಸಾಂಭರ್ ಸರೋವರ, ನಮ್ಮಲ್ಲಿ ಗೋಕರ್ಣದ ಬಳಿಯ ಸಾಣಿಕಟ್ಟೆಯಂಥ ಗದ್ದೆಗಳು. ಮಳೆ ಬಿದ್ದರೆ ಮಾತ್ರ ಉಪ್ಪಿನ ಹೇರು ಕರಗಿ ಬೆನ್ನ ಮೇಲೇ ಇಳಿಯುತ್ತದೆ, ಗಾಯವಿದ್ದ ಎತ್ತಿನ ಪಾಡು ಹೇಳತೀರದು.

ದಂಡು ಎದ್ದಾಗ ಇವರಿಗೆ ಬೆಲೆ ಇನ್ನೂ ಹೆಚ್ಚು. ಬಂಜಾರರಲ್ಲಿ ಕೆಲವರ ಬಳಿ ಸಾವಿರ ಎತ್ತುಗಳಿರುತ್ತವೆ, ದೊಡ್ಡ ದಂಡಿನ ಜೊತೆ ಒಂದು ಲಕ್ಷಕ್ಕೂ ಮೇಲ್ಪಟ್ಟು ಎತ್ತು ಹೋಗಬಹುದು ಎಂದು ಜಹಾಂಗೀರ್ ಬರೆದಿಟ್ಟಿದ್ದಾನೆ. ದಖ್ಖನಿನ ಐತಿಹ್ಯ ಇದಕ್ಕಿಂತ ಸ್ವಾರಸ್ಯದ್ದು. ಷಹಜಹಾನನ ವಜೀರ ಆಸಫ್ ಖಾನ್ 1630ರ ಸುಮಾರಿಗೆ ವಿಜಾಪುರದ ಮೇಲೆ ದಂಡೆತ್ತಿ ಬಂದಾಗ ಭಂಗಿ, ಜಂಗಿ ಎಂಬ ಇಬ್ಬರು ನಾಯಕರು 1,80,000 ಎತ್ತುಗಳೊಡನೆ ಬಂದರಂತೆ. ಅವರಿಗೆ ತಾಮ್ರದ ತಗಡಿನ ಮೇಲೆ ಚಿನ್ನದ ಅಕ್ಷರದ ಸನ್ನದು ಸಿಕ್ಕಿತಂತೆ: 'ರಂಜನ್ ಕಾ ಪಾನಿ, ಛಪ್ಪರ್ ಕಾ ಘಾಸ್, ದಿನ್ ಕೇ ತೀನ್ ಖೂನ್ ಮಾಫ್, ಔರ್ ಜಹಾಂ ಆಸಫ್ ಜಾಹ್ ಕೇ ಘೋಡೇ, ವಹಾಂ ಭಂಗಿ ಜಂಗಿ ಕೇ ಬೈಲ್'. ರಂಜಣಿಗೆಯ ನೀರು, ಚಪ್ಪರದ ಹುಲ್ಲು ತೆಗೆದುಕೊಳ್ಳಿ, ದಿನಕ್ಕೆ ಮೂರು ಕೊಲೆ ಮಾಫಿ, ಆಸಫ್ ಜಾಹನ, ಅಂದರೆ ಅದೇ ಆಸಫ್ ಖಾನನ, ಕುದುರೆ ನಿಂತಲ್ಲಿ ನಿಮ್ಮ ಎತ್ತು ನಿಲ್ಲಲಿ. ಎತ್ತಿನ ಸಂಖ್ಯೆಯನ್ನು ನಂಬುವುದು ಬಿಡುವುದು ಓದುವವರಿಗೆ ಬಿಟ್ಟದ್ದು. ಸನ್ನದು ಕೊಟ್ಟ ವರಗಳಲ್ಲಿ ಹಣ ಇಲ್ಲ, ಜಹಗೀರು ಇಲ್ಲ. ಮೊದಲಿಗೆ ನೀರು, ಆಮೇಲೆ ಹುಲ್ಲು. ಕೊಲೆಯ ಮಾಫಿ ಅದರ ನಂತರ ಬಂದದ್ದು.

ಸರಪಳಿಯ ಬದಲು ಕೌಲು (ಅಭಯದ ಕರಾರುಪತ್ರ), ಮುಂಗಡ ಹಣ, ಸುಂಕದ ಮಾಫಿ ಕೊಟ್ಟು ಕರೆಯುವುದೇ ಮುಂದಿನ ಕಾಲದ ರೂಢಿಯಾಯಿತು. ತಾಂಡಾವನ್ನು ಲೂಟಿ ಮಾಡಿದ ದಂಡಿಗೆ ಮುಂದಿನ ತಿಂಗಳು ಧಾನ್ಯ ಬರುವುದಿಲ್ಲವಾದ್ದರಿಂದ ಎರಡೂ ಕಡೆಯವರು ಸಾಮಾನ್ಯವಾಗಿ ಇವರನ್ನು ಮುಟ್ಟುತ್ತಿರಲಿಲ್ಲ. ಇದರ ಇನ್ನೊಂದು ಮುಖವೂ ಇದೆ. 1630–32ರ ಗುಜರಾತ್–ದಖ್ಖನ್ ಬರಗಾಲದಲ್ಲಿ ದಾರಿಯ ಊರುಗಳಲ್ಲಿ ಜನ ಹಸಿದು ಸಾಯುತ್ತಿರುವಾಗ ಧಾನ್ಯ ಹೊತ್ತ ತಾಂಡಾಗಳು ಬುರ್ಹಾನ್‌ಪುರದ ಮೊಗಲ್ ಬಾದಶಹನ ಬೀಡಿನ ಕಡೆಗೆ ನಡೆಯುತ್ತಿದ್ದುದನ್ನು ಅದೇ ಮಂಡಿ ಕಂಡಿದ್ದ. ಹೇರು ಹೋಗುವುದು ಹಸಿವು ಇದ್ದಲ್ಲಿಗೆ ಅಲ್ಲ, ದುಡ್ಡು ಇದ್ದಲ್ಲಿಗೆ.

ತಾಂಡಾ ಇಲ್ಲದ ದಂಡಿನ ಗತಿ ಏನು ಎಂಬುದಕ್ಕೆ ನಮ್ಮ ನೆಲದಲ್ಲೇ ಸಾಕ್ಷಿ ಇದೆ, ಕಾಲ ಮಾತ್ರ ಸ್ವಲ್ಪ ಈಚಿನದು. 1791ರ ಮೇ ತಿಂಗಳಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿದ್ದ ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹೊಸ್ತಿಲಿಗೆ ಬಂದು ಅರಕೆರೆಯ ಬಳಿ ಕಾಳಗ ಗೆದ್ದ. ಗೆದ್ದೂ ಹಿಂದಿರುಗಬೇಕಾಯಿತು. ಮಳೆ ಹಿಡಿದಿತ್ತು, ದನಗಳಿಗೆ ರೋಗ ಬಡಿದಿತ್ತು, ಧಾನ್ಯ ಮುಗಿದಿತ್ತು. ಕೋಟೆ ಒಡೆಯಲು ತಂದ ಭಾರಿ ಫಿರಂಗಿಗಳನ್ನು ಎಳೆಯಲು ಎತ್ತಿಲ್ಲದೆ ತನ್ನ ಕೈಯಾರೆ ಹಾಳುಮಾಡಿ ಹೋದ. ಮುಂದಿನ ಸಲಕ್ಕೆ ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಬಂಜಾರರ ನಾಯಕರೊಡನೆ ಮಾತಾಡಿ ಧಾನ್ಯದ ಏರ್ಪಾಡು ಮಾಡಿದ್ದ. 1792ರ ಫೆಬ್ರವರಿಯಲ್ಲಿ ಅದೇ ದಂಡು ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಕೂರಲು ಸಾಧ್ಯವಾಯಿತು.

ಹುಲ್ಲಿಗೆ ಬೇಲಿ ಬಿದ್ದಾಗ

ರೈಲು ಬಂದು ತಾಂಡಾ ನಿಂತಿತು ಎಂದು ಒಂದೇ ಸಾಲಿನಲ್ಲಿ ಹೇಳುವುದುಂಟು. ಪೂರ್ತಿ ಸರಿಯಲ್ಲ. 1853ರಲ್ಲಿ ಮೊದಲ ರೈಲು ಓಡಿದ ಮೇಲೂ ಸ್ಟೇಷನ್ನಿನಿಂದ ದೂರದ ಹಳ್ಳಿಗಳಿಗೆ ಹೇರೆತ್ತು ಬೇಕೇ ಇತ್ತು. ಉಪ್ಪಿನ ತೆರಿಗೆಗಾಗಿ ಬ್ರಿಟಿಷ್ ಆಡಳಿತ ಉತ್ತರದಲ್ಲಿ ಸುಂಕದ ಗಡಿ ಎಳೆದು ಮುಳ್ಳುಬೇಲಿ ಬೆಳೆಸಿತು. 1869ರ ಹೊತ್ತಿಗೆ ಆ ಗಡಿ 2,300 ಮೈಲಿ ಉದ್ದವಿತ್ತು, ಕಾಯಲು ಸುಮಾರು 12,000 ಜನರಿದ್ದರು. 1879ರಲ್ಲಿ ಅದನ್ನು ತೆಗೆಯುವ ಹೊತ್ತಿಗೆ ಉಪ್ಪಿನ ಹಳೆಯ ದಾರಿಗಳು ಸವೆದುಹೋಗಿದ್ದವು. 1865 ಮತ್ತು 1878ರ ಅರಣ್ಯ ಕಾಯಿದೆಗಳು ಕಾಡಿನ ಮೇವಿಗೆ ಕಟ್ಟು ಹಾಕಿದವು. ಬೀಳು ಬಯಲುಗಳು ಸಾಗುವಳಿಗೆ ಬಿದ್ದವು. ಅಲ್ಲಿಗೆ ಮೇವು ಪುಕ್ಕಟೆ ಎಂಬ ಗೂಟ ಕಿತ್ತುಬಂತು, 20 ದಿನದಲ್ಲಿ ಎತ್ತು ತನ್ನ ಹೇರನ್ನೇ ತಿನ್ನುವ ಲೆಕ್ಕ ನಿಜವಾಯಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಅಡಿಯಲ್ಲಿ ಹಲವು ಕಡೆ ಇವರು ಹಾಜರಿ ಹಾಕಬೇಕಾದ ಜನರಾದರು. ಪರವಾನಗಿ ಇಲ್ಲದೆ ನಡೆಯುವುದೇ ಅಪರಾಧವಾಯಿತು. ಆ ಕಾಯಿದೆ ರದ್ದಾದದ್ದು 1952ರಲ್ಲಿ.

ಇಂದು ಇದೇ ಜನ ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ, ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ತಾಂಡಾ ಎಂಬ ಮಾತು ನಡೆಯುವ ಸಾಲಿನ ಹೆಸರಾಗಿದ್ದದ್ದು ನಿಂತ ಊರಿನ ಹೆಸರಾಗಿದೆ. ಆದರೂ ಸುಗ್ಗಿಯ ನಂತರ ಕಲಬುರಗಿ, ವಿಜಯಪುರದ ಕಡೆಯ ಎಷ್ಟೋ ತಾಂಡಾಗಳಲ್ಲಿ ಮುದುಕರನ್ನು ಬಿಟ್ಟರೆ ಯಾರೂ ಸಿಗುವುದಿಲ್ಲ. ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಗಂಡ ಹೆಂಡತಿ ಇಬ್ಬರೂ ಹೊರಟಿರುತ್ತಾರೆ. ಕಬ್ಬಿನ ಕೆಲಸಕ್ಕೆ ಕೂಲಿಯ ಲೆಕ್ಕ ಜೋಡಿಗೆ ಇಷ್ಟು ಎಂದೇ. ಮುಂಗಡವೂ ಇದೆ, ಮಹಾರಾಷ್ಟ್ರದ ಕಡೆ ಅದಕ್ಕೆ 'ಉಚಲ್' ಎನ್ನುತ್ತಾರೆ. ಮಾತಾಡಿ ಅದನ್ನು ಕೊಡುವವನು ಈಗ ನಾಯಕನಲ್ಲ, ಕೂಲಿಯವರನ್ನು ಒದಗಿಸುವ ಗುತ್ತಿಗೆದಾರ, ಮುಕಾದಮ. ಹೊರುವ ಲಾರಿಯೂ ಅವರದಲ್ಲ.